ದಿಲ್ಲಿಗೊಂದು ಅಳತೆ, ಬೆಂಗಳೂರಿಗೊಂದು ಅಳತೆ

ಲೋಕಸಭಾ ಚುನಾವಣೆಗಳ ಕಥೆಯಲ್ಲಿ ರೈತನಿಗೊಂದು ಪಾಠ

ನಮ್ಮ ಹಳ್ಳಿಯ ಮನೆಗಳಲ್ಲಿ ಹಿಂದೆ ಅಳತೆಯ ಮಾನ ಒಂದೇ ಇರುತ್ತಿರಲಿಲ್ಲ. ಕಣದಲ್ಲಿ ರಾಗಿ ಅಳೆಯಲು ಕೊಳಗ, ಮನೆಯೊಳಗೆ ಅಕ್ಕಿ ಬೇಳೆಗೆ ಸೇರು, ಪಾವು. ಕಣದ ರಾಶಿಯನ್ನು ಪಾವಿನಿಂದ ಅಳೆಯಲು ಕುಳಿತವನಿಗೆ ಹೊತ್ತು ಮುಳುಗಿದರೂ ಕೆಲಸ ಮುಗಿಯದು. ಅಡುಗೆಗೆ ಕೊಳಗ ಹಿಡಿದರೆ ಕಣಜ ಬರಿದಾದೀತು. ಯಾವುದಕ್ಕೆ ಯಾವ ಮಾನ ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ರಾಜಕೀಯದಲ್ಲಿಯೂ ಇಂಥ ಎರಡು ಮಾನಗಳಿವೆ. ಒಂದು ದಿಲ್ಲಿಯ ಲೋಕಸಭೆ, ಇನ್ನೊಂದು ಬೆಂಗಳೂರಿನ ವಿಧಾನಸಭೆ. ಅವುಗಳ ವ್ಯತ್ಯಾಸವನ್ನು ತಿಳಿಯುವುದು ಬೀಜೋಪಚಾರ ತಿಳಿದಷ್ಟೇ ಅಗತ್ಯವೆಂದು ನನಗನಿಸಿದ್ದು ಒಂದು ಮತಗಟ್ಟೆಯಲ್ಲಿ.

ಚುನಾವಣೆ ಬಂತೆಂದರೆ ಉಪಾಧ್ಯಾಯರಂತೆಯೇ ಕೃಷಿ ಇಲಾಖೆಯವರಾದ ನಮಗೂ ಮತಗಟ್ಟೆಯ ಕೆಲಸ ಬೀಳುತ್ತದೆ. 2024ರ ಏಪ್ರಿಲ್ 26ರಂದು ನಾನು ಹೊಸಕೋಟೆ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಬಿಸಿಲು ಏರುವ ಮೊದಲೇ ಬಂದು ಮತ ಹಾಕಿದ ವೃದ್ಧ ರೈತರೊಬ್ಬರು ಬೆರಳಿನ ಶಾಯಿ ಆರುವ ಮುನ್ನ ನನ್ನ ಮೇಜಿನ ಮುಂದೆ ನಿಂತು ಕೇಳಿದರು:

"ಸಾಮಿ, ನಾನಾಕಿದ ಓಟು ದಿಲ್ಲಿಗೋಯ್ತು, ಸರಿ. ನಮ್ಮ ಹೊಲದ ಟಿ.ಸಿ. ಸುಟ್ಟು ತಿಂಗಳಾಯ್ತು. ದಿಲ್ಲಿಯವ್ರು ಬಂದು ಹಾಕ್ಕೊಡ್ತಾರಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮತಗಟ್ಟೆಯೊಳಗೆ ಇಂಥ ಚರ್ಚೆಗೆ ಎಡೆಯಿಲ್ಲವಾದುದರಿಂದ ನಾನು "ಆಮೇಲೆ ಬಂದು ಮಾತಾಡ್ತೀನಿ, ಯಜಮಾನ್ರೇ" ಎಂದಷ್ಟೇ ಹೇಳಿ ಕಳುಹಿಸಿದೆ. ಅವರ ಪ್ರಶ್ನೆ ನಗುವಂಥದ್ದಲ್ಲ. ಈ ಲೇಖನ ಅದಕ್ಕೆ ಉತ್ತರ. ನಾನು ಸರ್ಕಾರಿ ನೌಕರ. ಯಾವ ಪಕ್ಷ ಒಳ್ಳೆಯದು, ಯಾವುದು ಕೆಟ್ಟದು ಎಂದು ಹೇಳುವುದು ನನ್ನ ಕೆಲಸವಲ್ಲ. ಯಾವ ಮನೆಯ ಬಾಗಿಲು ಎಲ್ಲಿದೆ ಎಂದು ತೋರಿಸುವುದಕ್ಕೆ ಅಡ್ಡಿಯಿಲ್ಲ.

ಗೋಡೆಯ ಆಚೆ, ಈಚೆ

ನನ್ನ ವಾಸ ವಿಮಾನಪುರದಲ್ಲಿ. ಬೆಂಗಳೂರಿನ ಪೂರ್ವಕ್ಕೆ ಹಲಸೂರು ದಾಟಿ ವರ್ತೂರಿನ ಕಡೆಗೆ ಹೋಗುವ ಹಾದಿಯಲ್ಲಿರುವ ಈ ಊರಿಗೆ ಹೆಸರು ಬಂದುದೇ ವಿಮಾನ ಕಾರ್ಖಾನೆಯಿಂದ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸುತ್ತ ಇದ್ದುದು ರಾಗಿ ಹೊಲ, ಕೆರೆ, ತೋಪು. 1964ರಲ್ಲಿ ಆ ಕಂಪನಿಯೇ ಈಗಿನ ಎಚ್.ಎ.ಎಲ್. ಆಯಿತು. ದೇಶದ ರಕ್ಷಣೆ ಕೇಂದ್ರಕ್ಕೆ ಸೇರಿದ ವಿಷಯ. ಆದುದರಿಂದ ಕಾರ್ಖಾನೆಯ ಗೋಡೆಯೊಳಗೆ ಯಾವ ವಿಮಾನ, ಎಷ್ಟು ವಿಮಾನ ಎಂಬ ತೀರ್ಮಾನವೆಲ್ಲ ದಿಲ್ಲಿಯದು.

ಅದೇ ಕಾರ್ಖಾನೆಯ ಮಗ್ಗುಲಲ್ಲಿ ಚಲ್ಲಘಟ್ಟದ ಕಣಿವೆ ಇದೆ. ನಗರದ ಕೊಳಚೆ ನೀರು ಈ ಕಣಿವೆಯಲ್ಲಿ ಹರಿದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಸೇರುತ್ತಿತ್ತು. ಆ ನೀರನ್ನು ಶುದ್ಧೀಕರಿಸಿ ಕೊಳವೆಯಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ನೀರು ಬಿಟ್ಟಿತು. ಆ ಹೆಸರಿನಲ್ಲಿರುವ 'ಕೆ' ಕೋರಮಂಗಲ, 'ಸಿ' ಚಲ್ಲಘಟ್ಟ. ಈ ಯೋಜನೆ ರಾಜ್ಯ ಸರ್ಕಾರದ್ದು. ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯ ಹಂತವೂ ಆಗಬೇಕೇ ಎಂದು ಕೋಲಾರದ ರೈತರು ಎತ್ತಿದ ಪ್ರಶ್ನೆಗೆ ಉತ್ತರ ಹೇಳಬೇಕಾದುದು ವಿಧಾನಸೌಧವೇ. ಹೀಗೆ ಗೋಡೆಯ ಆಚೆಗೆ ದಿಲ್ಲಿ, ಈಚೆಗೆ ಬೆಂಗಳೂರು. ಎಲ್ಲ ಊರುಗಳಲ್ಲಿಯೂ ಹೀಗೆಯೇ ಇದೆ. ನಮ್ಮಲ್ಲಿ ಗೋಡೆ ಕಣ್ಣಿಗೆ ಕಾಣುತ್ತದೆ, ಅಷ್ಟೇ.

ಮತದಾರ ಬಲ್ಲ

ಓದು ಬಾರದ ಹಳ್ಳಿಯವನಿಗೆ ಈ ಭೇದವೆಲ್ಲ ಎಲ್ಲಿ ತಿಳಿದೀತು ಎನ್ನುವವರುಂಟು. ನಮ್ಮ ರಾಜ್ಯದ ಲೋಕಸಭಾ ಚುನಾವಣೆಗಳ ಇತಿಹಾಸ ಬೇರೆಯೇ ಮಾತು ಹೇಳುತ್ತದೆ.

1951-52ರ ಮೊದಲ ಮಹಾಚುನಾವಣೆಯಲ್ಲಿ ಹಳೆಯ ಮೈಸೂರು ರಾಜ್ಯಕ್ಕೆ 11 ಸ್ಥಾನಗಳಿದ್ದವು. ಆಗ ಮತಪತ್ರದ ಮೇಲೆ ಗುರುತು ಒತ್ತುವ ಪದ್ಧತಿ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ; ತನಗೆ ಬೇಕಾದವರ ಪೆಟ್ಟಿಗೆಯೊಳಗೆ ಚೀಟಿ ಹಾಕಿ ಬರುವುದು. 11ರಲ್ಲಿ 10 ಸ್ಥಾನ ಕಾಂಗ್ರೆಸ್ಸಿಗೆ ಬಂತು. ಮೈಸೂರಿನ ಒಂದು ಸ್ಥಾನ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿಯವರ ಪಾಲಾಯಿತು. ಏಕೀಕರಣದ ಬಳಿಕ 1957ರಲ್ಲಿ ಸ್ಥಾನಗಳು 26 ಆದವು. 1967ರಲ್ಲಿ 27ರ ಪೈಕಿ 18ನ್ನು ಮಾತ್ರ ಕಾಂಗ್ರೆಸ್ ಗೆದ್ದಿತು. ಆ ವರ್ಷ ಶಿವಮೊಗ್ಗದಿಂದ ಗೆದ್ದ ಸಮಾಜವಾದಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿ ಇತಿಹಾಸ ಮಾಡಿದರು. ನಮ್ಮ ಕಷ್ಟವನ್ನು ನಮ್ಮ ಭಾಷೆಯಲ್ಲಿಯೇ ದಿಲ್ಲಿಯಲ್ಲಿ ಹೇಳಬಹುದೆಂದು ಅಂದು ತೋರಿತು.

1971ರಲ್ಲಿ ಇಂದಿರಾ ಗಾಂಧಿಯವರ ಪಕ್ಷಕ್ಕೆ 27ಕ್ಕೆ 27 ಸ್ಥಾನಗಳೂ ದೊರೆತವು. ತುರ್ತುಪರಿಸ್ಥಿತಿಯ ನಂತರ 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗಲೂ ಕರ್ನಾಟಕದ 28ರಲ್ಲಿ 26 ಆ ಪಕ್ಷಕ್ಕೇ ಬಂದವು. ಮರುವರ್ಷ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಸೋಲಿಸಿ ಮತ್ತೆ ಲೋಕಸಭೆಗೆ ಹೋದರು. 1980ರಲ್ಲಿ 28ರಲ್ಲಿ 27 ಅವರ ಪಕ್ಷದ್ದಾಯಿತು.

ಇಷ್ಟಾದ ಮೇಲೆ ಕಥೆ ತಿರುಗುತ್ತದೆ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ನರಗುಂದ, ನವಲಗುಂದಗಳಲ್ಲಿ ನೀರಾವರಿ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ನಡೆಯಿತು. ಕರ ಹಾಕಿದ್ದು ರಾಜ್ಯ ಸರ್ಕಾರ. 1983ರ ಜನವರಿಯ ವಿಧಾನಸಭಾ ಚುನಾವಣೆಯಲ್ಲಿ ಆಳುವ ಪಕ್ಷ ಸೋತು, ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಆದರೆ 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಮತ ಹಾಕುವಾಗ ಅದೇ ಮತದಾರರು 28ರಲ್ಲಿ 24 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಜನತಾ ಪಕ್ಷಕ್ಕೆ ಉಳಿದದ್ದು 4. ಹೆಗಡೆಯವರು ರಾಜೀನಾಮೆ ಕೊಟ್ಟು ವಿಧಾನಸಭೆಗೆ ಮರುಚುನಾವಣೆ ಬೇಡಿದರು. 1985ರ ಮಾರ್ಚಿನಲ್ಲಿ ಅದೇ ಜನ, ಅದೇ ಮತಗಟ್ಟೆಗಳಲ್ಲಿ, ಅವರ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟು ಕಳುಹಿಸಿದರು. ನಡುವೆ ಕಳೆದದ್ದು ಮೂರು ತಿಂಗಳೂ ಇಲ್ಲ. ಒಂದು ಸುಗ್ಗಿಯಷ್ಟು ಅವಧಿಯಲ್ಲಿ ಎರಡು ಬೇರೆ ಬೇರೆ ತೀರ್ಪು!

ಇದು ಒಮ್ಮೆ ಆದ ಆಕಸ್ಮಿಕವೆನ್ನೋಣವೇ? 2004ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಮತದಾನ ನಡೆಯಿತು. ಲೋಕಸಭೆಗೆ ಬಿ.ಜೆ.ಪಿ.ಯ 18 ಮಂದಿಯನ್ನು ಆರಿಸಿದ ಮತದಾರರು ವಿಧಾನಸಭೆಯಲ್ಲಿ ಅದೇ ಪಕ್ಷಕ್ಕೆ 79 ಸ್ಥಾನವಷ್ಟೇ ಕೊಟ್ಟು, ಯಾರಿಗೂ ಬಹುಮತ ಇಲ್ಲದಂತೆ ಮಾಡಿದರು. 2013ರಲ್ಲಿ ವಿಧಾನಸಭೆಯ 122 ಸ್ಥಾನ ಕಾಂಗ್ರೆಸ್ಸಿಗೆ, ಮರುವರ್ಷ ಲೋಕಸಭೆಯ 17 ಸ್ಥಾನ ಬಿ.ಜೆ.ಪಿ.ಗೆ. 2023ರಲ್ಲಿ ವಿಧಾನಸಭೆಯ 135 ಸ್ಥಾನ ಕಾಂಗ್ರೆಸ್ಸಿಗೆ, 2024ರಲ್ಲಿ ಲೋಕಸಭೆಯ 17 ಬಿ.ಜೆ.ಪಿ.ಗೆ, 9 ಕಾಂಗ್ರೆಸ್ಸಿಗೆ, 2 ಜನತಾದಳಕ್ಕೆ.

ಎಲ್ಲ ಸಲವೂ ಹೀಗಾಯಿತೆಂದಲ್ಲ. 1989ರಲ್ಲಿಯೂ 1999ರಲ್ಲಿಯೂ ಎರಡೂ ಮನೆಗಳಿಗೆ ಒಂದೇ ಗಾಳಿ ಬೀಸಿತು. ಜಾತಿ, ಹಣ, ನಾಯಕರ ಅಲೆ, ಪಕ್ಷಗಳ ಹೊಂದಾಣಿಕೆ ಇವೆಲ್ಲವೂ ಫಲಿತಾಂಶದಲ್ಲಿ ಬೆರೆತಿರುತ್ತವೆ. ಆದರೂ ಕೊಳಗ ಬೇರೆ, ಪಾವು ಬೇರೆ ಎಂಬ ಅರಿವು ನಮ್ಮ ಮತದಾರರಿಗೆ ಇದೆಯೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ತೊಡಕು ಇರುವುದು ಮತದಾನದ ದಿನದಲ್ಲಲ್ಲ, ಅದರ ಮಾರನೆಯ ದಿನದಿಂದ. ಮುಂದಿನ ಐದು ವರ್ಷ ನಾವು ಎರಡು ಮಾನಗಳನ್ನೂ ಕಲಸಿಬಿಡುತ್ತೇವೆ. ಸಂಸದರು ಊರಿಗೆ ಬಂದರೆ ಬಸ್ ತಂಗುದಾಣ, ದೀಪದ ಕಂಬ, ಸಮುದಾಯ ಭವನ ಕೇಳುತ್ತೇವೆ. ರೇಷ್ಮೆ ಬೆಲೆ ಬಿದ್ದರೆ ಶಾಸಕರ ಮನೆ ಮುಂದೆ ಕೂರುತ್ತೇವೆ. ಕೇಳಿದವನಿಗೂ ಬೇಸರ, ಕೇಳಿಸಿಕೊಂಡವನಿಗೆ ನುಣುಚಿಕೊಳ್ಳಲು ದಾರಿ.

ಯಾವ ಅಹವಾಲು ಯಾವ ಬಾಗಿಲಿಗೆ

ನಮ್ಮ ಸಂವಿಧಾನದಲ್ಲಿ ಕೆಲಸಗಳ ಪಟ್ಟಿ ಮೂರು. ಕೇಂದ್ರದ್ದೊಂದು, ರಾಜ್ಯದ್ದೊಂದು, ಇಬ್ಬರಿಗೂ ಸೇರಿದ್ದು ಇನ್ನೊಂದು. ವ್ಯವಸಾಯ, ಜಮೀನು, ಸಂತೆ-ಮಾರುಕಟ್ಟೆ, ಕೆರೆ-ಕಾಲುವೆ ಇವು ರಾಜ್ಯದ ಪಟ್ಟಿಯಲ್ಲಿವೆ. 'ಹಾಗಾದರೆ ರೈತನಿಗೆ ದಿಲ್ಲಿಯಿಂದ ಆಗಬೇಕಾದ್ದೇನು?' ಎಂದು ಕೇಳಬಹುದು. ಬೆಳೆಯುವುದು ರಾಜ್ಯದ ವಿಷಯವಾದರೂ ಬೆಳೆದುದರ ಬೆಲೆಯ ಕೀಲಿಕೈ ಬಹುಮಟ್ಟಿಗೆ ದಿಲ್ಲಿಯಲ್ಲಿದೆ. ಮೂರು ಉದಾಹರಣೆ ನೋಡಿ.

ರೇಷ್ಮೆ: 2011ರ ಕೇಂದ್ರ ಬಜೆಟ್ಟಿನಲ್ಲಿ ಹೊರದೇಶದ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಆ ವರ್ಷ ಗೂಡಿನ ಬೆಲೆ ಕುಸಿದು ರಾಮನಗರ, ಕೋಲಾರ ಕಡೆಯ ಬೆಳೆಗಾರರು ಬೀದಿಗಿಳಿಯಬೇಕಾಯಿತು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದರು. ಇಳಿಸಿದ್ದೂ ಏರಿಸಿದ್ದೂ ಸಂಸತ್ತಿನ ಮುಂದಿಟ್ಟ ಬಜೆಟ್ಟಿನ ಒಂದೊಂದು ಸಾಲು. ಹಿಪ್ಪುನೇರಳೆ ಕಡ್ಡಿ ನೆಡುವುದನ್ನು ನಾವು ಕಲಿಸಬಲ್ಲೆವು. ಆ ಒಂದು ಸಾಲನ್ನು ತಿದ್ದಲು ವಿಸ್ತರಣಾಧಿಕಾರಿಯಿಂದಾಗದು, ಶಾಸಕರಿಂದಲೂ ಆಗದು.

ಈರುಳ್ಳಿ: ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಗುಲಾಬಿ ಈರುಳ್ಳಿಗೆ ನಮ್ಮಲ್ಲಿ ಗಿರಾಕಿ ಕಡಿಮೆ, ಅದು ಹಡಗು ಹತ್ತಬೇಕು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನು ನಿಷೇಧಿಸಿದಾಗ ಈ ಸಣ್ಣ ಈರುಳ್ಳಿಯೂ ಆ ಬಲೆಗೆ ಬಿತ್ತು. ಬೆಳೆಗಾರರ ಕೂಗು ದಿಲ್ಲಿಗೆ ಮುಟ್ಟಿದ ಮೇಲೆ ಅಕ್ಟೋಬರಿನಲ್ಲಿ 10,000 ಟನ್ ಗುಲಾಬಿ ಈರುಳ್ಳಿಯನ್ನು ಚೆನ್ನೈ ಬಂದರಿನಿಂದ ಕಳುಹಿಸಲು ಅನುಮತಿ ಬಂತು. ಸರಿಯಾದ ಬಾಗಿಲನ್ನು ಬಡಿದರೆ ತೆರೆಯುವುದೂ ಉಂಟು.

ರಾಗಿ: ಬೆಂಬಲ ಬೆಲೆಯನ್ನು ಸಾರುವುದು ಕೇಂದ್ರ. ಇದಕ್ಕೆ ಸಲಹೆ ಕೊಡುವ ಆಯೋಗ 1965ರಲ್ಲಿ ಹುಟ್ಟಿತು. ರಾಗಿಗೆ 2024-25ರ ಸಾಲಿಗೆ ಕ್ವಿಂಟಾಲಿಗೆ 4,290 ರೂ., 2025-26ಕ್ಕೆ 4,886 ರೂ. ಎಂದು ಗೊತ್ತುಪಡಿಸಲಾಯಿತು. ಆದರೆ ಖರೀದಿ ಕೇಂದ್ರವನ್ನು ಎಲ್ಲಿ ತೆರೆಯಬೇಕು, ತೂಕ ಸರಿಯಿದೆಯೇ, ಚೀಲ ಸಾಲದೆ ಬಂದಿದೆಯೇ ಎಂಬುದೆಲ್ಲ ರಾಜ್ಯದ ಕೈಯಲ್ಲಿ. ಬೆಲೆ ಸಾಲದು ಎಂದಾದರೆ ಸಂಸದರಿಗೆ ಬರೆಯಿರಿ. ಚೀಲ ಸಾಲದು ಎಂದಾದರೆ ತಹಶೀಲ್ದಾರರಿಗೂ ಶಾಸಕರಿಗೂ ಹೇಳಿ.

ಅಂತರರಾಜ್ಯ ನದಿಗಳ ಪ್ರಶ್ನೆಯೂ ಇದೇ ಬಗೆಯದು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ಕಾವೇರಿಯಲ್ಲಿ ಕರ್ನಾಟಕದ ಪಾಲನ್ನು 284.75 ಟಿ.ಎಂ.ಸಿ. ಎಂದು ನಿಗದಿ ಮಾಡಿತು. ನದಿಯ ಪಾಲು ನಿರ್ಧಾರವಾಗುವುದು ದಿಲ್ಲಿಯಲ್ಲಿ. ಪಾಲಿಗೆ ಬಂದ ನೀರು ನಿಮ್ಮ ತೂಬಿಗೆ ಬರುವುದೋ ಇಲ್ಲವೋ ಎಂಬುದು ಬೆಂಗಳೂರಿನಲ್ಲಿ.

ರಾಜ್ಯದ ಕೈ ಎಷ್ಟು ಉದ್ದವೆಂಬುದಕ್ಕೆ ದೇವರಾಜ ಅರಸರ ಕಾಲದ ಭೂಸುಧಾರಣೆಯೇ ನಿದರ್ಶನ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿದಾರರು ಫಾರಂ ನಂಬರ್ 7 ಹಾಕಿ ಉಳುವ ಭೂಮಿಗೆ ಒಡೆಯರಾದರು. ಅದು ವಿಧಾನಸಭೆಯ ಕಾಯಿದೆ. ಪಹಣಿ, ಪೋಡಿ, ಮಾರುಕಟ್ಟೆ ಸಮಿತಿ, ಸಹಕಾರ ಸಂಘದ ಸಾಲ, ಹಾಲಿನ ಪ್ರೋತ್ಸಾಹಧನ, ಪಂಪ್‌ಸೆಟ್ಟಿನ ವಿದ್ಯುತ್ತು ಎಲ್ಲವೂ ಅಲ್ಲಿಯದೇ.

ಎರಡು ಬಾಗಿಲನ್ನೂ ಬಡಿಯಬೇಕಾದ ಕೆಲಸಗಳೂ ಇವೆ. ಬೆಳೆ ವಿಮೆಯಲ್ಲಿ ರೈತನ ವಂತಿಗೆ ಕಳೆದು ಉಳಿದ ಕಂತನ್ನು ಕೇಂದ್ರವೂ ರಾಜ್ಯವೂ ಹಂಚಿಕೊಂಡು ಕಟ್ಟುತ್ತವೆ. ರಸಗೊಬ್ಬರ ಬರುವುದು ಕೇಂದ್ರದ ಹಂಚಿಕೆಯಂತೆ. ಅಂಗಡಿಗಳಲ್ಲಿ ಅದು ಕಾಳಸಂತೆಗೆ ಹೋಗದಂತೆ ನೋಡಬೇಕಾದವರು ರಾಜ್ಯದ ಅಧಿಕಾರಿಗಳು.

ಎರಡೂ ಮನೆ ಕಂಡವರು

ಎರಡೂ ಮನೆಗಳ ಒಳಹೊರಗು ಬಲ್ಲ ನಾಯಕರು ನಮ್ಮಲ್ಲಿ ಆಗಿಹೋಗಿದ್ದಾರೆ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಮುಂದೆ ಬೆಂಗಳೂರಿನಿಂದ ಲೋಕಸಭೆಗೆ ಹೋಗಿ ರೈಲ್ವೆ ಮಂತ್ರಿಯಾದರು. ಕೋಲಾರದ ಎಂ.ವಿ. ಕೃಷ್ಣಪ್ಪನವರು ಮೊದಲ ಲೋಕಸಭೆಯಿಂದಲೇ ಅಲ್ಲಿದ್ದು, ನೆಹರೂ ಸರ್ಕಾರದಲ್ಲಿ ಕೃಷಿ ಖಾತೆಯ ಉಪಮಂತ್ರಿಯಾಗಿದ್ದರು. ನಮ್ಮ ಕಡೆಯ ಹೈನುಗಾರಿಕೆಯ ಮಾತು ಬಂದಾಗ ಹಿರಿಯರು ಇಂದಿಗೂ ಅವರ ಹೆಸರೆತ್ತುತ್ತಾರೆ. 1996ರಲ್ಲಿ ಜನತಾದಳಕ್ಕೆ ರಾಜ್ಯದ 28ರಲ್ಲಿ 16 ಸ್ಥಾನ ಬಂದಾಗ, ಹಾಸನ ಜಿಲ್ಲೆಯ ರೈತ ಕುಟುಂಬದ ಎಚ್.ಡಿ. ದೇವೇಗೌಡರು ಜೂನ್ 1ರಂದು ಪ್ರಧಾನಮಂತ್ರಿಯಾದರು. ರಾಜ್ಯಗಳ ಅರೆಬರೆ ನೀರಾವರಿ ಕೆಲಸ ಮುಗಿಸಲು ಕೇಂದ್ರದಿಂದ ನೆರವು ಕೊಡುವ ತ್ವರಿತ ನೀರಾವರಿ ಯೋಜನೆ ಶುರುವಾದುದು ಆ ವರ್ಷ. ಕಾಲುವೆ ರಾಜ್ಯದ್ದಾದರೂ ಹಣ ದಿಲ್ಲಿಯಿಂದ ತರಬಹುದೆಂದು, ಎರಡೂ ಮನೆ ಕಂಡವರಿಗೆ ಗೊತ್ತಿತ್ತು.

ಕ್ಷೇತ್ರಗಳೂ ಒತ್ತುವರಿಯಾಗುತ್ತವೆ

ಇನ್ನೊಂದು ಸಂಗತಿಯನ್ನು ರೈತರು ಕಣ್ಣಿಟ್ಟು ನೋಡಬೇಕು. ಜನ ಎಲ್ಲಿ ಹೆಚ್ಚೋ ಕ್ಷೇತ್ರ ಅಲ್ಲಿಗೆ ಹೋಗುತ್ತದೆ. 1967ರಲ್ಲಿಯೂ 1971ರಲ್ಲಿಯೂ 'ಹೊಸಕೋಟೆ' ಎಂಬ ಹೆಸರಿನ ಲೋಕಸಭಾ ಕ್ಷೇತ್ರವೇ ಇತ್ತು. ಮೇಲೆ ಹೇಳಿದ ಕೃಷ್ಣಪ್ಪನವರು ಅದರ ಪ್ರತಿನಿಧಿ. 1977ಕ್ಕೆ ಆ ಹೆಸರು ಅಳಿಸಿಹೋಯಿತು. ನಮ್ಮ ವಿಮಾನಪುರದ ಆಚೆಗೆ ವರ್ತೂರು ಎಂಬ ವಿಧಾನಸಭಾ ಕ್ಷೇತ್ರವಿತ್ತು. ಸೊಪ್ಪು ತರಕಾರಿ ಬೆಳೆದು ನಗರಕ್ಕೆ ಹೊರುತ್ತಿದ್ದ ಊರುಗಳ ಕ್ಷೇತ್ರ ಅದು. 2008ರ ಮರುವಿಂಗಡಣೆಯಲ್ಲಿ ವರ್ತೂರು ಹೋಗಿ ಮಹದೇವಪುರ, ಕೃಷ್ಣರಾಜಪುರ ಎಂಬ ಹೆಸರುಗಳು ಬಂದವು. ಮಹದೇವಪುರ ಹೊಸದಾಗಿ ಹುಟ್ಟಿದ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರಕ್ಕೂ, ಕೃಷ್ಣರಾಜಪುರ ಬೆಂಗಳೂರು ಉತ್ತರಕ್ಕೂ ಸೇರಿದವು. ವಿಧಾನಸಭೆಯ 224 ಸ್ಥಾನಗಳಲ್ಲಿ ಬೆಂಗಳೂರು ನಗರ ಜಿಲ್ಲೆಗೇ 28 ಬಂದವು. ಹೊಲ ಬಡಾವಣೆಯಾದ ಹಾಗೆ ಕ್ಷೇತ್ರವೂ ಪೇಟೆಯದಾಯಿತು. ರೈತನ ಪರ ಮಾತನಾಡಬೇಕಾದ ಒಂದೊಂದು ಕುರ್ಚಿ ಹೀಗೆ ಕಡಿಮೆಯಾಗುತ್ತದೆ.

ಇಡೀ ರಾಜ್ಯಕ್ಕೂ ಇದೇ ಪ್ರಶ್ನೆ ಕಾದಿದೆ. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ರಾಜ್ಯಗಳಿಗೆ ನಷ್ಟವಾಗಬಾರದೆಂದು 1976ರಲ್ಲಿ ರಾಜ್ಯವಾರು ಲೋಕಸಭಾ ಸ್ಥಾನಗಳನ್ನು 1971ರ ಜನಗಣತಿಯ ಲೆಕ್ಕಕ್ಕೇ ನಿಲ್ಲಿಸಲಾಯಿತು. 2001ರ 84ನೆಯ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ನಮ್ಮ 28 ಸ್ಥಾನಗಳು 1977ರಿಂದ ಹಾಗೆಯೇ ನಿಂತಿರುವುದು ಇದರಿಂದಲೇ. ಈ ಲೆಕ್ಕ ಬದಲಾಗುವಾಗ ದಿಲ್ಲಿಯಲ್ಲಿ ನಮ್ಮ ದನಿಯ ತೂಕ ಎಷ್ಟಿರಬೇಕೆಂಬುದು ಪಕ್ಷಭೇದವಿಲ್ಲದೆ ಎಲ್ಲ ಸಂಸದರನ್ನೂ ಕೇಳಬೇಕಾದ ಮಾತು.

ಕುರ್ಚಿ ಪೇಟೆಗೆ ಹೋದರೂ ಮತ ಹಾಕುವ ಅಭ್ಯಾಸ ಹಳ್ಳಿಯಲ್ಲಿ ಉಳಿದಿದೆ. 2024ರಲ್ಲಿ ಬೆಂಗಳೂರು ಕೇಂದ್ರದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 54 ಮಂದಿ. ಮಂಡ್ಯದಲ್ಲಿ 80ಕ್ಕೂ ಹೆಚ್ಚು. ಇದೇ ನಮ್ಮ ಬಂಡವಾಳ.

ಮಾಡಬೇಕಾದುದೇನು?

1. ಮತದಾರರ ಪಟ್ಟಿಯಲ್ಲಿ ಮನೆಯವರೆಲ್ಲರ ಹೆಸರಿದೆಯೇ ಎಂದು ಚುನಾವಣೆ ಬರುವ ಮೊದಲೇ ನೋಡಿಕೊಳ್ಳಿ. 18 ತುಂಬಿದವರ ಸೇರ್ಪಡೆಗೆ ನಮೂನೆ 6, ತಿದ್ದುಪಡಿಗೂ ವಿಳಾಸ ಬದಲಾವಣೆಗೂ ನಮೂನೆ 8. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನಲ್ಲೇ ಉಳಿದಿರುವುದು ಹೆಚ್ಚು.

2. ಊರಿನ ಅಹವಾಲುಗಳನ್ನು ವರ್ಷಕ್ಕೊಮ್ಮೆ ವಾಚನಾಲಯದಲ್ಲಿ ಕುಳಿತು ಎರಡು ಹಾಳೆಗಳಲ್ಲಿ ಬರೆಯಿರಿ. ಒಂದರ ತಲೆಗೆ ದಿಲ್ಲಿ, ಇನ್ನೊಂದರ ತಲೆಗೆ ಬೆಂಗಳೂರು.

3. ಸಂಸದರಿಗೆ ಬರೆಯುವಾಗ ಬಜೆಟ್ಟಿಗೆ ಮೊದಲೇ, ಅಂದರೆ ಕಣ ಮುಗಿಯುವ ಕಾಲಕ್ಕೇ ಬರೆಯಿರಿ. ಅವರು ಸದನದಲ್ಲಿ ಲಿಖಿತ ಪ್ರಶ್ನೆ ಹಾಕಬಲ್ಲರು. ಮಂತ್ರಿಗಳು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. 'ನಮ್ಮ ಬೆಳೆಯ ಬಗ್ಗೆ ಎಷ್ಟು ಪ್ರಶ್ನೆ ಕೇಳಿದಿರಿ?' ಎಂದು ಊರಿಗೆ ಬಂದಾಗ ವಿಚಾರಿಸಿ.

4. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಇಡೀ ಲೋಕಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದು ಊರಿಗೆ ಬರುವುದು ಅಷ್ಟರಲ್ಲೇ ಇದೆ. ಅದಕ್ಕಾಗಿ ಕಾದು ಕುಳಿತು ಸುಂಕದ, ಬೆಲೆಯ ಪ್ರಶ್ನೆ ಮರೆಯಬೇಡಿ.

ಆ ವರ್ಷದ ಜೂನ್ ತಿಂಗಳಲ್ಲಿ ರಾಗಿಯ ಬೀಜೋಪಚಾರ ತೋರಿಸಲು ಅದೇ ಹಳ್ಳಿಗೆ ಹೋದಾಗ ಆ ಹಿರಿಯರು ಸಿಕ್ಕಿದರು. ಟಿ.ಸಿ. ವಿಷಯ ದಿಲ್ಲಿಯದಲ್ಲ, ವಿದ್ಯುತ್ ಕಂಪನಿ ರಾಜ್ಯ ಸರ್ಕಾರದ್ದು, ಆ ಟಿ.ಸಿ.ಯ ರೈತರೆಲ್ಲ ಸೇರಿ ಒಂದೇ ಅರ್ಜಿ ಕೊಟ್ಟು ಪ್ರತಿಯನ್ನು ಶಾಸಕರಿಗೆ ಕಳುಹಿಸಿ ಎಂದೆ. ಒಂಬತ್ತು ಮಂದಿ ಸಹಿ ಹಾಕಿದರು. ಎರಡು ವಾರದಲ್ಲಿ ಹೊಸ ಟಿ.ಸಿ. ಬಂತೆಂದು ಫೋನು ಮಾಡಿದರು.

"ಹಂಗಾದ್ರೆ ದಿಲ್ಲಿಯವ್ರನ್ನ ಕೇಳಾಕೇನೂ ಇಲ್ವಾ ಸಾಮಿ?" ಎಂದರು.

"ಮನೇಲಿ ಹುಳ ಸಾಕ್ತೀರಲ್ಲ ಯಜಮಾನ್ರೇ, ರೇಷ್ಮೆ ಸುಂಕದ ಬಗ್ಗೆ ಕೇಳಿ" ಎಂದೆ.

ಮೊಮ್ಮಗಳಿಂದ ಕಾಗದ ಬರೆಸಿ ಸಂಸದರಿಗೆ ಕಳುಹಿಸಿದರಂತೆ. ನಿಮ್ಮ ಊರಿನಿಂದಲೂ ಅಂಥದೊಂದು ಕಾಗದ ಹೋಗಲಿ. ಈ ಪುಟವನ್ನು ಓದು ಬಲ್ಲವರು ಬಾರದವರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ.